ಎಡಗೈ ಆರತಿ

ವಿಜಾಪುರದ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ನಮ್ಮ ಕಾಕಾನ ಕಲ್ಲಚ್ಚಿನ ಪ್ರೆಸ್ಸು ಇತ್ತು. ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಚಿತ್ರ ಬರೆದು ಕಾಗದಕ್ಕೆ ಒತ್ತುವ ಕೆಲಸ. ಎಪ್ಪತ್ತರ ದಶಕದಲ್ಲಿ ಅದನ್ನು ಕೇಳುವವರು ಅಪರೂಪವಾಗಿದ್ದರು. ಕಲ್ಲುಗಳಲ್ಲಿ ಕೆಲವು ಬಚ್ಚಲಿಗೆ ಹಾಸಾಗಿದ್ದವು. ಉಳಿದದ್ದು ಒಂದೇ, ಅದೂ ಗಣಪತಿ ಹಬ್ಬ ಮುಗಿದ ಮೇಲೆ ತಿಕೋಟಾದ ನಮ್ಮ ಮನೆಗೆ, ಅರಿವೆ ಒಗೆಯಲಿಕ್ಕೆ ಹೋಗುವುದಿತ್ತು. ಆ ಪ್ರೆಸ್ಸಿನಲ್ಲೇ ಊದಿನಕಡ್ಡಿ ಚೀಟಿಗಳಿಗೆ ಹೂ ಬರೆದು ಪ್ರಾಯಕ್ಕೆ ಬಂದವಳು ನಾನು. ಆ ಕಲ್ಲು ಹೋಗುವುದರೊಳಗೆ ನನ್ನದೇ ಒಂದು ಚಿತ್ರ ಅಚ್ಚಾಗಲೇಬೇಕೆಂದು ಹಟ ಹಿಡಿದೆ.

ವಿಷಯ ಹುಡುಕಬೇಕಾಗಿರಲಿಲ್ಲ. ಹಿಂದಿನ ವರ್ಷ ಓಣಿಯ ಗಣಪತಿ ಪೆಂಡಾಲಿನಲ್ಲಿ ಮಂಡಳಿಯ ಅಧ್ಯಕ್ಷರು ಆರತಿ ಬೆಳಗಿದ್ದು ಫೋಟೋದವನ ಕ್ಯಾಮೆರಾಕ್ಕೆ. ಗಣಪತಿಗೆ ಸಿಕ್ಕಿದ್ದು ಅವರ ಬೆನ್ನು. ಅದನ್ನೇ ಬರೆದೆ, ಅವರ ಹೊಟ್ಟೆಯನ್ನು ತುಸು ಉಬ್ಬಿಸಿ. ಹಿಂದಿನಿಂದ ಗಣಪತಿ ಇಣುಕುತ್ತಾನೆ, ಲೌಡ್‌ಸ್ಪೀಕರಿನ ಹೊಡೆತಕ್ಕೆ ಇಲಿ ಕಿವಿ ಮುಚ್ಚಿಕೊಂಡಿದೆ.

ಕಲ್ಲಿನ ಮೇಲೆ ಎಲ್ಲವನ್ನೂ ಎಡಬಲ ತಿರುವಿ ಬರೆಯಬೇಕು. ಅದಕ್ಕೇ ಎದುರಿಗೆ ಕನ್ನಡಿ ಇಟ್ಟುಕೊಳ್ಳುವುದು. ಆದರೆ ಹೂವಿಗೆ ಎಲ್ಲಿಯ ಎಡ, ಎಲ್ಲಿಯ ಬಲ? ನನ್ನ ಕೈಗೆ ಕನ್ನಡಿಯ ರೂಢಿಯೇ ಇರಲಿಲ್ಲ, ನೇರವಾಗಿ ಬರೆದುಬಿಟ್ಟಿದ್ದೆ. ಮೊದಲ ಪ್ರತಿ ಎಳೆದರೆ ಅಧ್ಯಕ್ಷರು ಎಡಗೈಯಲ್ಲಿ ಆರತಿ ಬೆಳಗುತ್ತಿದ್ದರು.

ಅಷ್ಟರಲ್ಲೇ ಅವರು ಕರಪತ್ರ ಹಾಕಿಸಲು ಬರಬೇಕೆ! ಕಾಕಾ ಪ್ರತಿಯನ್ನು ಮುಚ್ಚುವುದರೊಳಗೆ ನೋಡಿಬಿಟ್ಟರು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ತಮ್ಮ ಹೊಟ್ಟೆ ಸವರಿಕೊಂಡು ನಕ್ಕರು, ಆಮೇಲೆ ಹುಬ್ಬು ಗಂಟಿಕ್ಕಿದರು.

"ಹೊಟ್ಟಿ ಬೇಕಾದ್ರ ಇನ್ನಷ್ಟು ದೊಡ್ಡದು ಮಾಡವಾ ತಂಗಿ. ಎಡಗೈಲೆ ಆರತಿ ಮಾತ್ರ ಬ್ಯಾಡ. ಮಂದಿ ಏನಂದಾರು?"

ದೇವರಿಗೆ ಬೆನ್ನು ಹಾಕಿದ್ದು ಅವರ ಕಣ್ಣಿಗೇ ಬೀಳಲಿಲ್ಲ. ಎಡಗೈ ಇದ್ದರೆ ಮಂದಿಯ ಕಣ್ಣಿಗೂ ಬೀಳಲಿಕ್ಕಿಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಹಬ್ಬ ಹತ್ತಿರ ಬಂದಿದೆ, ಸಾಕು ಬಿಡು ಎಂದ ಕಾಕಾ.

"ಬಿಡಂಗಿಲ್ಲ. ಉಸುಕು ಕೊಡು" ಅಂದೆ.

ಉಸುಕು, ನೀರು ಹಾಕಿ ಇಡೀ ಚಿತ್ರವನ್ನು ತಿಕ್ಕಿ ತೆಗೆದೆ. ರಟ್ಟೆ ಬಿದ್ದುಹೋದವು. ಕನ್ನಡಿ ಇಟ್ಟುಕೊಂಡು ಮೊದಲಿನಿಂದ ಬರೆದೆ. ಆರತಿ ಬಲಗೈಗೆ ಬಂತು, ಹೊಟ್ಟೆ ಅವರ ಅಪ್ಪಣೆಯಂತೆ ದೊಡ್ಡದಾಯಿತು, ಬೆನ್ನು ಇದ್ದಲ್ಲೇ ಇತ್ತು.

ಚೌತಿಯ ದಿನ ಅಧ್ಯಕ್ಷರು ಆ ಚಿತ್ರಕ್ಕೆ ಕಟ್ಟು ಹಾಕಿಸಿ ಪೆಂಡಾಲಿಗೆ ತಂದರು. ಎದೆಯ ಮೇಲೆ ಹಿಡಿದು ನಿಂತು ನನ್ನನ್ನೂ ಪಕ್ಕಕ್ಕೆ ಕರೆದರು. ನನ್ನ ಚಿತ್ರ ಅಷ್ಟು ಜನರ ಎದುರಿಗಿತ್ತು. ಹಿಗ್ಗಿನಲ್ಲಿ ಓಡಿಹೋಗಿ ನಿಂತೆ.

ಕಲ್ಲು ತಿಕೋಟಾಕ್ಕೆ ಹೋಯಿತು. ಅಂದಿನ ಫೋಟೋ ನನ್ನ ಹತ್ತಿರ ಉಳಿದಿದೆ. ಅದರಲ್ಲಿ ಅಧ್ಯಕ್ಷರೂ ನಾನೂ ಕ್ಯಾಮೆರಾ ನೋಡಿ ನಗುತ್ತಿದ್ದೇವೆ. ಗಣಪತಿ ನಮ್ಮಿಬ್ಬರ ಬೆನ್ನ ಹಿಂದೆ, ಅವನ ಕಿರೀಟದ ತುದಿಯಷ್ಟೇ ಕಾಣುತ್ತದೆ.