ಮೈಕ್ ಸರ್ ದನಿ ಇಳಿಸಿದ ವರ್ಷ

ವಿಜ್ಞಾನದ ಸರ್‌ಗೆ ಮಕ್ಕಳು ‘ಮೈಕ್’ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಏಳನೇ ತರಗತಿಯಲ್ಲಿ ಅವರು ಎಲೆಯ ಪಾಠ ಮಾಡುತ್ತಿದ್ದರೆ, ಪಕ್ಕದ ಕೋಣೆಯಲ್ಲಿ ನನ್ನ ಹತ್ತಿರ ಚಿತ್ರಕಲೆ ಕಲಿಯುವ ಮಕ್ಕಳೂ ಎಲೆಯನ್ನೇ ಬಿಡಿಸುತ್ತಿದ್ದರು. ಎಷ್ಟೋ ಸಲ ಜಗಳವಾಡಿದ್ದೇನೆ. “ಮೇಡಂ, ಕೊನೇ ಬೆಂಚಿಗೂ ಕೇಳ್ಸಬೇಕಲ್ವಾ?” ಎನ್ನುತ್ತಿದ್ದರು, ಅದನ್ನೂ ಕೂಗಿಯೇ. ಮಕ್ಕಳ ಮುಖ ನೋಡುತ್ತ, ಒಂದೊಂದು ಪದಕ್ಕೂ ಬಾಯಿ ಅಗಲಿಸಿ ಮಾತಾಡುವುದು ಅವರ ರೂಢಿ. ಬೋರ್ಡಿನ ಕಡೆ ತಿರುಗಿದರೆ ಮಾತು ನಿಲ್ಲಿಸಿ ಬರೆಯುತ್ತಿದ್ದರು.

ಆ ವರ್ಷ ನಮ್ಮ ಶಾಲೆಗೆ ಪ್ರೊಜೆಕ್ಟರ್ ಬಂತು. ಅದರ ಬೆನ್ನಿಗೇ ಗಣಿತಕ್ಕೆ ಒಬ್ಬಳು ಎಳೆಯ ಮಿಸ್ ಬಂದಳು. ಅವಳಿಗೆ ಅದೇ ಮೊದಲ ಕೆಲಸ. ಮೀಟಿಂಗಿನಲ್ಲಿ ಹೆಡ್ ಮೇಡಂ, “ಹಳಬರು ಹೊಸಬರನ್ನ ನೋಡಿ ಕಲೀಬೇಕು” ಎಂದಾಗ ಎಲ್ಲರ ಕಣ್ಣೂ ಮೈಕ್ ಸರ್ ಮೇಲೆ ಬಿತ್ತು. ಅವರಿಗೆ ಅದು ನಾಟಿತು, ಹಠಕ್ಕೆ ಬಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಮಿಸ್ ಪಕ್ಕ ಕೂತು ಕಲಿತರು. ಸ್ವಲ್ಪ ದಿನಕ್ಕೆಲ್ಲ ಪ್ರತಿ ಪಾಠಕ್ಕೂ ವಿಡಿಯೊ ಶುರುವಾಯಿತು. ಗೋಡೆಯ ಮೇಲೆ ಹೃದಯ ಬಡಿಯುತ್ತಿತ್ತು, ಜ್ವಾಲಾಮುಖಿ ಸಿಡಿಯುತ್ತಿತ್ತು, ಸರ್ ಕೊನೆಯ ಬೆಂಚಿನ ಹಿಂದೆ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಚಿತ್ರ ಮಂಕಾಗುತ್ತದೆಂದು ಕಿಟಕಿಗಳಿಗೆ ರಟ್ಟು ಕಟ್ಟಿಸಿದರು. ಅದೂ ಸಾಲದೆ ಕಪ್ಪು ಪರದೆ ಹೊಲಿಯಲು ಹೇಳಿದರು.

“ನನ್ನ ಹೆಂಡ್ತಿಗೆ ಖುಷಿಯೋ ಖುಷಿ ಮೇಡಂ. ಈಗ ಮನೇಲೂ ಮನುಷ್ಯರ ಥರ ಮಾತಾಡ್ತೀನಂತೆ” ಎಂದು ನಕ್ಕರು. ನಿಜ ಹೇಳಬೇಕೆಂದರೆ ನನಗೂ ಕಿವಿ ತಂಪಾಗಿತ್ತು.

ಆ ಹೊಸ ಮಿಸ್ ಮಾತ್ರ ಯಂತ್ರದ ಜೊತೆಯೇ ಬೆಳೆದವಳಾದರೂ ಅದನ್ನು ತಲೆ ಮೇಲೆ ಕೂರಿಸಿಕೊಳ್ಳಲಿಲ್ಲ. ಚೂರು ತೋರಿಸುವಳು, ನಿಲ್ಲಿಸುವಳು, ದೀಪ ಹಾಕಿ “ಯಾರಿಗೆ ಏನು ಅರ್ಥ ಆಯ್ತು?” ಎಂದು ಕೇಳುವಳು. “ಅವಳಿಗಿನ್ನೂ ಧೈರ್ಯ ಸಾಲ್ದು” ಎಂದು ಸರ್ ಮೀಸೆಯಲ್ಲೇ ನಗುತ್ತಿದ್ದರು.

ಪರದೆ ಹೊಲಿದ ಟೈಲರ್‌ನ ಮಗಳು ಅದೇ ಏಳನೇ ತರಗತಿಯಲ್ಲಿ ಮುಂದಿನ ಬೆಂಚಿನವಳು. ಹಿಂದಿನ ವರ್ಷ ವಿಜ್ಞಾನದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಈ ಸಲದ ಅರ್ಧ ವರ್ಷದ ಪರೀಕ್ಷೆಯಲ್ಲಿ ನೆಲ ಕಚ್ಚಿದ್ದಳು. ಪರದೆ ನೇತುಹಾಕಲು ಬಂದ ಟೈಲರ್ ಮೆಲ್ಲಗೆ ಕೇಳಿದ, “ನಮ್ಮ ಹುಡುಗಿ ಹೇಗೆ ಓದ್ತಿದ್ದಾಳೆ ಸರ್?”

“ಕೆಟ್ಟು ಕೂತಿದ್ದಾಳೆ. ಕಣ್ಣು ಬಿಟ್ಕೊಂಡು ಕೂತಿರ್ತಾಳೆ, ಗಮನ ಮಾತ್ರ ಎಲ್ಲೋ ಇರುತ್ತೆ. ಮನೇಲಿ ಸ್ವಲ್ಪ ಬಿಗಿ ಮಾಡಿ. ಹೀಗೇ ಆದ್ರೆ ಇದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂರಿಸ್ಬೇಕಾಗುತ್ತೆ.”

ಟೈಲರ್ ಮುಖ ಸಪ್ಪೆ ಮಾಡಿಕೊಂಡು ಹೋದ.

ಅದಾಗಿ ಸ್ವಲ್ಪ ದಿನಕ್ಕೆ, ಹೊಸ ಮಿಸ್ ತರಗತಿಯಲ್ಲಿ ವಿಡಿಯೊ ಓಡುತ್ತಿರುವಾಗಲೇ ಸದ್ದು ನಿಂತುಹೋಯಿತು. “ಮಿಸ್, ಸೌಂಡ್ ಇಲ್ಲ!” ಎಂದು ಇಡೀ ತರಗತಿ ಬೊಬ್ಬೆ ಹಾಕಿತು. ಟೈಲರ್ ಮಗಳು ಮಾತ್ರ ಮೊದಲು ಹೇಗೆ ನೋಡುತ್ತಿದ್ದಳೋ ಹಾಗೇ ನೋಡುತ್ತಿದ್ದಳು. ಪಕ್ಕದವಳು ಎದ್ದು ನಿಂತಿದ್ದು ಕಂಡ ಮೇಲೆ ಗಾಬರಿಯಾಗಿ ತಾನೂ ಎದ್ದಳು.

ಮಿಸ್ ನೇರ ಸ್ಟಾಫ್ ರೂಮಿಗೆ ಬಂದಳು. “ಸರ್, ಆ ಹುಡುಗಿಗೆ ಕಿವಿ ಸರಿಯಾಗಿ ಕೇಳ್ಸಲ್ಲ ಅನ್ಸುತ್ತೆ.”

ಸರ್‌ಗೆ ಮೂಗಿನ ತುದಿಯಲ್ಲೇ ಸಿಟ್ಟು. “ಹೋದ ವರ್ಷದಿಂದ ಅವಳಿಗೆ ಪಾಠ ಮಾಡ್ತಿದ್ದೀನಿ. ನನಗೆ ಗೊತ್ತಾಗದೇ ಇದ್ದಿದ್ದು ನಿನಗೆ ಗೊತ್ತಾಯ್ತಾ?”

“ಹೋದ ವರ್ಷ ನಿಮ್ಮ ಪಾಠ ಅವಳಿಗೆ ಕೇಳ್ತಿತ್ತು ಸರ್. ನೀವು ಜೋರಾಗಿ ಹೇಳ್ತಿದ್ರಂತೆ. ಬಾಯೂ ಕಾಣ್ತಿತ್ತಲ್ಲ” ಎಂದಳು. ಚುಚ್ಚಿ ಹೇಳಲಿಲ್ಲ, ಪಾಪ.

ಹುಡುಗಿಯನ್ನು ಕರೆಸಿದರು. ಎದುರು ನಿಲ್ಲಿಸಿಕೊಂಡು ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಸರ್ ನನ್ನ ಕಡೆ, ನೋಡಿದಿರಾ ಎನ್ನುವಂತೆ ನೋಡಿದರು. ಆಮೇಲೆ ಹಾಜರಿ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಕೇಳಿದರು, “ನಿನ್ನ ತಮ್ಮ ಎಷ್ಟನೇ ಕ್ಲಾಸು?” ಹುಡುಗಿ ಪುಸ್ತಕವನ್ನೇ ನೋಡುತ್ತ, ಅದು ಯಾವಾಗ ಕೆಳಗಿಳಿಯುತ್ತದೋ ಎಂದು ಕಾಯುತ್ತ ನಿಂತಳು. ಸರ್ ಪುಸ್ತಕ ಇಳಿಸಿದರು.

“ಯಾಕಮ್ಮಾ ಇಷ್ಟು ದಿನ ಹೇಳ್ಲಿಲ್ಲ?”

“ಎಲ್ರಿಗೂ ಹೀಗೇ ಕೇಳ್ಸುತ್ತೆ ಅಂದ್ಕೊಂಡಿದ್ದೆ ಸರ್. ಉಳಿದವರು ನನಗಿಂತ ಜಾಸ್ತಿ ಗಮನ ಕೊಡ್ತಾರೆ ಅಂತ.”

ಅಂದಿನಿಂದ ಸರ್ ಊಟದ ಡಬ್ಬಿ ತೆರೆಯುವುದು, ಮುಚ್ಚುವುದು ಅಷ್ಟೇ. ನಿಮಗೇನು ಗೊತ್ತಿತ್ತು, ಬಿಡಿ ಎಂದು ನಾನು ಸಮಾಧಾನ ಹೇಳಹೋದರೆ ನನ್ನ ಮೇಲೇ ಹರಿಹಾಯ್ದರು. “ಗೊತ್ತಾಗ್ಬೇಕಿತ್ತು ಮೇಡಂ! ಅವಳು ಮುಂದೇನೇ ಕೂತಿದ್ಲು. ನಾನು ಹೋಗಿ ಹಿಂದೆ ನಿಂತೆ. ಹಳೇ ಮನುಷ್ಯ ಅನ್ನಿಸ್ಕೋಬಾರ್ದು ಅಂತ ಆ ಮಗೂನ ಕತ್ತಲಲ್ಲಿ ಕೂರಿಸಿದೆ.” ಪರದೆಗಳನ್ನು ತಾವೇ ಬಿಚ್ಚಿದರು. ಹೆಡ್ ಮೇಡಂ ಹತ್ತಿರ ಹೋಗಿ, ಅವಳನ್ನು ಇನ್ನೊಂದು ವರ್ಷ ಕೂರಿಸುವ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಬಂದರು. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ.

ಡಾಕ್ಟರಿಗೆ ತೋರಿಸಿ, ಮಗಳ ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದ ಮರುದಿನ ಟೈಲರ್ ಸ್ಟಾಫ್ ರೂಮಿನ ಬಾಗಿಲಲ್ಲಿ ಕೈಮುಗಿದು ನಿಂತ. “ನೀವು ಕಂಡುಹಿಡೀದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ ಸರ್.”

ಸರ್ ಎದ್ದು ನಿಂತರು. “ಕಂಡುಹಿಡಿದಿದ್ದು ನಾನಲ್ಲ, ಈ ಮಿಸ್. ನಾನು ನಿಮ್ಮ ಮಗಳ ಮೇಲೆ ಇಲ್ಲದ ದೂರು ಹೇಳ್ದೆ. ತಪ್ಪಾಯ್ತು, ಕ್ಷಮಿಸಿ.” ಆ ಮಾತನ್ನು ಅವರು ಬೆಳಗಿನಿಂದ ಒಳಗೊಳಗೇ ಕೂಡಿಸಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿತ್ತು. ಹೇಳಿ ಮುಗಿಸಿದ ಮೇಲೆ ಅವರ ಮುಖ ತುಸು ಹಗುರಾಯಿತು.

ಟೈಲರ್ ಸಂಕೋಚದಿಂದ ಮುದುಡಿಹೋದ. “ಅಯ್ಯೋ, ಬಿಡಿ ಸರ್. ಒಳ್ಳೇದಕ್ಕೆ ತಾನೇ ಹೇಳಿದ್ದು? ನಾನೂ ಅವಳಿಗೆ ಹುಟ್ಟಿದಾಗಿಂದ ಒಂದೇಟು ಹಾಕಿದವನಲ್ಲ. ಅವತ್ತು ಮನೆಗೆ ಹೋದವನೇ ಚೆನ್ನಾಗಿ ಬಾರಿಸ್ದೆ. ಈ ಕಿವಿ ಇರೋದ್ಯಾಕೆ ಅಂತ ಹಿಂಡಿ ಹಿಂಡಿ ಕೇಳ್ದೆ. ಸರ್ ಹೇಳಿದ್ದಾರೆ ಅಂದ್ಮೇಲೆ ಸುಳ್ಳಿರಲ್ಲ ಅಂತ.”

ಅವನ ಮಾತಿನಲ್ಲಿ ಆಕ್ಷೇಪಣೆ ಒಂದು ಚೂರೂ ಇರಲಿಲ್ಲ. ಸರ್ ಬಾಗಿಲಲ್ಲಿದ್ದ ಅವನನ್ನು ದಾಟಿಕೊಂಡು ಹೊರಗೆ ಹೋದರು. ಮುಂದಿನ ಪಿರಿಯಡ್ ಬೆಲ್ ಹೊಡೆದಾಗ ಏಳನೇ ತರಗತಿಗೆ ಅವರ ಬದಲು ನಾನು ಹೋದೆ.