ಜ್ವರಕ್ಕೆ ಕೂತ ಹುಳದ ಹಾಗೆ

ನನ್ನ ಮಗಳ ಕತ್ತಿನಲ್ಲಿ ಹುಟ್ಟಿದಾಗಿನಿಂದಲೂ ಒಂದು ಮೆತ್ತನೆಯ ಗಂಟಿತ್ತು. ನೋವಿಲ್ಲ, ಏನಿಲ್ಲ, ಐದು ವರ್ಷ ಅದರ ಪಾಡಿಗೆ ಅದಿತ್ತು. ಹೋದ ವರ್ಷ ನೆಗಡಿ ಬಂದದ್ದೇ ನೆಪ, ಒಂದೇ ದಿನಕ್ಕೆ ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತು. ನನಗೆ ಜೀವ ಬಾಯಿಗೆ ಬಂತು. ಮಗಳನ್ನೂ ಅತ್ತೆಯನ್ನೂ ಕರೆದುಕೊಂಡು, ಶಿಡ್ಲಘಟ್ಟದಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆಂದು ಬಸ್ಸು ಹತ್ತಿದೆ.

ಡಾಕ್ಟರಮ್ಮ ಕತ್ತಿಗೆ ಸ್ಕ್ಯಾನಿಂಗ್ ಮಾಡಿ ನೋಡಿದರು. "ಕ್ಯಾನ್ಸರ್ ಅಲ್ಲಮ್ಮ, ಹೆದರ್ಬೇಡಿ. ಹುಟ್ಟುವಾಗಲೇ ದುಗ್ಧರಸದ ನಾಳ ಸರಿಯಾಗಿ ಕೂಡದೆ ನೀರಿನ ಚೀಲಗಳಾಗಿವೆ. ಈಗ ಒಳಗೆ ರಕ್ತ ಸೋರಿದೆ. ಉಸಿರುನಾಳ ಒತ್ತಿದೆಯಾ ಅಂತ ತಿಳಿಯೋಕೆ ಎಂಆರ್‌ಐ ಬೇಕು. ಮಗು ಅಲ್ಲಾಡಬಾರದು. ನಿದ್ದೆ ಬರೋ ಔಷಧಿ ಕೊಡೋಣ ಅಂದ್ರೆ, ಈ ಊತದಲ್ಲಿ ಉಸಿರು ಕಟ್ಟೋ ಭಯ."

ಅಲ್ಲಾಡದೆ ಮಲಗಬೇಕಂತೆ! ನಿದ್ದೆಯಲ್ಲೂ ಗೋಡೆಗೆ ಒದೆಯುವ ನನ್ನ ಮಗಳು!

ಅತ್ತೆ ಮೊಮ್ಮಗಳ ಗಲ್ಲ ಹಿಡಿದು, "ಜ್ವರಕ್ಕೆ ಕೂತ್ಕೊತೀಯೇನಮ್ಮ?" ಅಂದರು. ಅವಳ ಕಣ್ಣು ಅರಳಿತು. ನಮ್ಮದು ರೇಷ್ಮೆಹುಳ ಸಾಕುವ ಮನೆ. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಆಗ ತಟ್ಟೆಯನ್ನು ಯಾರೂ ಮುಟ್ಟುವಂತಿಲ್ಲ. ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದರು: ಅಜ್ಜಿ ಬಂದು ಸೊಪ್ಪು ಹಾಕುವವರೆಗೆ ಅಲುಗಬಾರದು. ಈ ಚಂಡಿ ಆ ಆಟದಲ್ಲಿ ಮಾತ್ರ ಯಾರಿಗೂ ಸೋತವಳಲ್ಲ.

ಮಷೀನಿನ ಹತ್ತಿರ ಲೋಹ ತರಬಾರದು ಅಂದದ್ದಕ್ಕೆ ತಾಳಿ, ಓಲೆ ಎಲ್ಲ ಕಳಚಿ ಅತ್ತೆಯ ಸೆರಗಿಗೆ ಸುರಿದು, ಮಗಳ ಜೊತೆ ನಾನೂ ಒಳಗೆ ಹೋದೆ. ಮಷೀನು ಧಡಧಡ ಬಡಿದುಕೊಳ್ಳತೊಡಗಿತು. ಅಬ್ಬಬ್ಬಾ, ನನಗೇ ಎದ್ದು ಓಡುವಂತಾಯಿತು! ಅವಳ ಕಾಲು ಹಿಡಿದು ನಿಂತಿದ್ದೆ. ಒಂದು ಬೆರಳೂ ಮಿಸುಕಲಿಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಅವಳ ಹೊಟ್ಟೆಯನ್ನೇ ನೋಡುತ್ತಿದ್ದೆ.

ಸದ್ದು ನಿಂತಿತು. ಡಾಕ್ಟರಮ್ಮ ಹೆಚ್ಚುಕಡಿಮೆ ಓಡಿಯೇ ಬಂದರು. "ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ! ಉಸಿರುನಾಳ ಒತ್ತಿಲ್ಲ ಕಣಮ್ಮ. ಈ ಊತ ಇಳೀಲಿ, ಆಮೇಲೆ ಚೀಲದೊಳಕ್ಕೆ ಸೂಜೀಲಿ ಔಷಧಿ ಬಿಟ್ಟು ಕುಗ್ಗಿಸೋಣ."

ನಾನು ನಗುತ್ತಲೇ ಅತ್ತುಬಿಟ್ಟೆ. ನಾಚಿಕೆಯೂ ಆಗಲಿಲ್ಲ. ಬಾಗಿಲಾಚೆಯಿಂದ ಅತ್ತೆ, "ಮುಗೀತು ಕಣೇ ಬಂಗಾರಿ, ಏಳೇ!" ಎಂದು ಕೂಗಿದರು.

ಮಗಳು ಏಳಲಿಲ್ಲ. ಕಣ್ಣು ಮುಚ್ಚಿಕೊಂಡೇ, ತುಟಿಯನ್ನಷ್ಟೇ ಅಲುಗಿಸಿ, "ಅಜ್ಜಿ ಇನ್ನೂ ಸೊಪ್ಪು ಹಾಕಿಲ್ವಲ್ಲಮ್ಮ" ಎಂದಳು.