ಬೀಳಗಿಯ ಏಳು ಮಿಡತೆಗಳು

ಶೇವಂತಿ ಬನಹಟ್ಟಿಯ ನೇಕಾರರ ಮನೆಯ ಸೊಸೆ. ಮೊಣಕಾಲು ನೋವು ಹೆಚ್ಚಾಗಿ ಮಗ್ಗದ ಗುಂಡಿಗೆ ಇಳಿಯಲಾಗದಾದಾಗ, ನಲವತ್ತರ ವಯಸ್ಸಿನಲ್ಲಿ ಜಮಖಂಡಿಯ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಜವಾನ ಕೆಲಸಕ್ಕೆ ಸೇರಿದಳು.

ಅಲ್ಲಿನ ಕಪಾಟಿನ ಪೆಟ್ಟಿಗೆಯೊಂದರಲ್ಲಿ, ಸಂಸ್ಥಾನದ ಕಾಲದಲ್ಲಿ ಯಾರೋ ಹಿಡಿದು ಸೂಜಿಗೆ ಚುಚ್ಚಿಟ್ಟ ಮಿಡತೆಗಳಿದ್ದವು. ಮೈಗಿಂತ ಮೀಸೆಯೇ ಉದ್ದ. ಹಸಿರು ಹಾರಿಹೋಗಿ ಒಣಗಿದ ಎಲೆಯಂತಾಗಿದ್ದವು. ಒಟ್ಟು ಮೂವತ್ತೆಂಟು, ಎಲ್ಲಕ್ಕೂ ಒಂದೇ ಜಾತಿಯ ಹೆಸರಿನ ಚೀಟಿ. ಅವುಗಳ ಪಟ್ಟಿ ಮಾಡುತ್ತಿದ್ದ ಅಧ್ಯಾಪಕಿ ಪೂರ್ಣಿಮಾ, ಬೂಷ್ಟು ಒರೆಸುವ ಕೆಲಸವನ್ನು ಶೇವಂತಿಗೆ ವಹಿಸಿದ್ದರು.

ಒಂದು ಮಧ್ಯಾಹ್ನ ಕುಂಚ ತಾಗಿ ಒಂದರ ಎಡರೆಕ್ಕೆ ಮುರಿದುಬಿತ್ತು. ಎಂಬತ್ತು ವರ್ಷ ಉಳಿದದ್ದು ತನ್ನ ಕೈಯಲ್ಲಿ ಹಾಳಾಯಿತಲ್ಲ ಎಂದು ಶೇವಂತಿಗೆ ಊಟ ಸೇರಲಿಲ್ಲ. ರೆಕ್ಕೆಯನ್ನು ಕಾಗದದಲ್ಲಿಟ್ಟುಕೊಂಡು ತಾನೇ ಹೋಗಿ ಹೇಳಿದಳು. ಪೂರ್ಣಿಮಾ ಬೈಯಲಿಲ್ಲ. ಅದನ್ನು ಮಗುಚಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಬುಡದಲ್ಲಿದ್ದ ಗರಗಸದಂಥ ಹಲ್ಲುಸಾಲನ್ನು ತೋರಿಸಿದರು. ಗಂಡು ಮಿಡತೆ ಇದನ್ನು ಇನ್ನೊಂದು ರೆಕ್ಕೆಗೆ ತೀಡಿಯೇ ಹಾಡುತ್ತದೆ, ಜಾತಿ ಬೇರೆಯಾದರೆ ಹಲ್ಲುಗಳೂ ಬೇರೆ ಎಂದರು.

ಬಟ್ಟೆಯ ಎಳೆ ಎಣಿಸಿ ಪಳಗಿದ ಕಣ್ಣು ಅವಳದು. ಪೂರ್ಣಿಮಾ ಹೇಳಿಕೊಟ್ಟಂತೆ ಉಳಿದ ಗಂಡುಗಳನ್ನು ಒದ್ದೆ ಹತ್ತಿಯ ಡಬ್ಬಿಯಲ್ಲಿಟ್ಟು ಮೆತ್ತಗಾಗಿಸಿ, ರೆಕ್ಕೆ ಎತ್ತಿ ಹಲ್ಲುಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ಇಪ್ಪತ್ತು ದಿನ ಹಿಡಿಯಿತು.

"ಮೇಡಂರೀ, ಈ ಏಳರ ಹಲ್ಲು ಬ್ಯಾರೆ ಅದಾವ್ರಿ. ಉಳಿದಾವಕ್ಕ ತೊಂಬತ್ತರ ಮ್ಯಾಲ, ಇವಕ್ಕ ಅರವತ್ತೂ ಇಲ್ರಿ" ಎಂದಳು.

ಪೂರ್ಣಿಮಾ ಮೊದಲು ನಂಬಲಿಲ್ಲ. ತಾವೇ ಎರಡು ಸಲ ಎಣಿಸಿ, ಚೀಟಿಗಳನ್ನು ಓದಿದರು. ಆ ಏಳೂ ಬೀಳಗಿಯಲ್ಲಿ ಹಿಡಿದವು, ಉಳಿದವು ಮುಧೋಳದವು.

ಬೀಳಗಿಯದು ಬೇರೆಯೇ ಜಾತಿಯಾದರೆ, ಅದು ಈಗಲೂ ಬದುಕಿದೆಯೇ? ಆ ಮಳೆಗಾಲ ಇಬ್ಬರೂ ನಾಲ್ಕು ಸಲ ಬೀಳಗಿಯ ಗುಡ್ಡ ತಿರುಗಿದರೂ ಸಿಗಲಿಲ್ಲ. ಮರುವರ್ಷ ಸೆಪ್ಟೆಂಬರಿನ ಒಂದು ಸಂಜೆ ಜಾಲಿ ಪೊದೆಯೊಳಗಿಂದ ತಡೆದು ತಡೆದು ಬರುವ ಸದ್ದು ಕೇಳಿ ಶೇವಂತಿ ಕೈ ಹಾಕಿದಳು. ಮುಳ್ಳು ತರಚಿದರೂ ಹಿಂದೆಗೆಯಲಿಲ್ಲ. ಸಿಕ್ಕಿದ ಮಿಡತೆಯದು ಎಳೆ ಜೋಳದ ಗರಿಯ ಹಸಿರು. ಪೆಟ್ಟಿಗೆಯಲ್ಲಿ ಕಂದುಬಣ್ಣದವನ್ನೇ ಕಂಡಿದ್ದ ಅವಳು ಅದನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಕಾಲೇಜಿಗೆ ತಂದು ಎಣಿಸಿದಾಗ ಅದರ ಹಲ್ಲುಗಳೂ ಅರವತ್ತರೊಳಗೇ ಇದ್ದವು.

ದೂರದ ಮ್ಯೂಸಿಯಮ್ಮಿನ ತಜ್ಞರು ತಮ್ಮಲ್ಲಿದ್ದ ಹಳೆಯ ಮಾದರಿಗಳೊಂದಿಗೆ ಹೋಲಿಸಿ, ಈವರೆಗೆ ಹೆಸರಿಟ್ಟ ಯಾವುದಕ್ಕೂ ಇದು ಹೊಂದುವುದಿಲ್ಲ ಎಂದು ಬರೆದರು. ಪೂರ್ಣಿಮಾ ಬರೆದ ಪ್ರಬಂಧ ಇನ್ನೂ ಪರಿಶೀಲನೆಯಲ್ಲಿದೆ. ಅದರಲ್ಲಿ ಅವರ ಹೆಸರಿನ ಪಕ್ಕ ಶೇವಂತಿಯ ಹೆಸರೂ ಇದೆ. ಆರನೇ ಇಯತ್ತೆವರೆಗಷ್ಟೇ ಶಾಲೆ ಕಲಿತ ತನ್ನ ಹೆಸರು ಯಾಕೆ ಎಂದು ಅವಳು ತಕರಾರು ಮಾಡಿದ್ದಳು.

"ಎಣಿಸಿದಾವ್ರು ನೀವ, ಶೇವಂತಕ್ಕ. ಇದ್ದದ್ದನ್ನ ಬರದೇನಿ" ಎಂದರು ಪೂರ್ಣಿಮಾ.

ಈ ವಾರ ಶೇವಂತಿ ಎರಡನೆಯ ಪೆಟ್ಟಿಗೆ ತೆರೆದಿದ್ದಾಳೆ. ಅದರ ತುಂಬ ಜೀರುಂಡೆಗಳು, ಚೀಟಿ ಇಲ್ಲದವೇ ಹೆಚ್ಚು.